ಒಲಿಂಪಸ್ ಆಯಿತು, ಇನ್ನು ನಮ್ಮ ನೆಲದ ಆಟ

ಶನಿವಾರ ರಾತ್ರಿ ಊಟ ಮುಗಿದ ಮೇಲೆ ಧಾರವಾಡದ ನಮ್ಮ ರೂಮಿನಲ್ಲಿ ಐದು ಜನ ಚಾಪೆ ಹಾಸಿ ಕೂಡುತ್ತೇವೆ. ಒಬ್ಬ ಬೈಲಹೊಂಗಲದವ, ಇಬ್ಬರು ಸವದತ್ತಿ ತಾಲ್ಲೂಕಿನವರು, ಒಬ್ಬ ರಾಮದುರ್ಗದವ, ನಾನು ಕಿತ್ತೂರಿನವ. ಇಸ್ಪೀಟು ಇಲ್ಲ, ಮೊಬೈಲ್ ಗೇಮೂ ಇಲ್ಲ. ಒಂದು ನೋಟ್‌ಬುಕ್, ನಾಲ್ಕು ಪೆನ್ಸಿಲ್, ಇಪ್ಪತ್ತು ಮುಖದ ಒಂದು ದಾಳ. ಒಬ್ಬ ಕಥೆ ನಡೆಸುತ್ತಾನೆ, ಉಳಿದ ನಾಲ್ವರು ಆ ಕಥೆಯೊಳಗಿನ ಪಾತ್ರಗಳಾಗಿ ‘ಈಗ ನಾನು ಹೀಗೆ ಮಾಡುತ್ತೇನೆ’ ಎಂದು ಹೇಳುತ್ತ ಹೋಗುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

‘ಸ್ಟ್ರೇಂಜರ್ ಥಿಂಗ್ಸ್’ ನೋಡಿದವರಿಗೆ ಈ ಆಟ ಗೊತ್ತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಿಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’. ನಾವು ಆಡುವುದು ಅದರ ‘ಥೆರೋಸ್’ ಎಂಬ ಲೋಕದಲ್ಲಿ. 2020ರಲ್ಲಿ ಪುಸ್ತಕವಾಗಿ ಬಂದ ಈ ಲೋಕ ಗ್ರೀಕ್ ಪುರಾಣದ ಅಚ್ಚಿನಲ್ಲಿ ಎರಕ ಹೊಯ್ದದ್ದು. ಹದಿನೈದು ದೇವರು, ಮೂರು ನಗರ. ಒಂದು ಅಥೆನ್ಸ್‌ನಂತೆ ವಿದ್ಯೆಯ ಊರು, ಇನ್ನೊಂದು ಸ್ಪಾರ್ಟಾದಂತೆ ಕಾಳಗದ ಊರು. ಆಟಗಾರ ಒಬ್ಬ ದೇವರಿಗೆ ನಡೆದುಕೊಳ್ಳುತ್ತಾನೆ. ಅವನ ಭಕ್ತಿಯ ಅಂಕ 3, 10, 25, 50 ಮುಟ್ಟಿದಾಗ ದೇವರು ಒಂದೊಂದು ವರ ಕೊಡುತ್ತದೆ. ನಡತೆ ತಪ್ಪಿದರೆ ಅಂಕ ಇಳಿಯುತ್ತದೆ. ಹರಕೆ ಹೊತ್ತು ಬೆಳೆದ ನಮಗೆ ಈ ಲೆಕ್ಕ ತಿಳಿಯಲು ಹೊತ್ತು ಹಿಡಿಯಲಿಲ್ಲ.

ಒಂದು ರಾತ್ರಿ ಆಟದ ನಡುವೆ ಸವದತ್ತಿಯ ಗೆಳೆಯ ಅಂದ: “ಎಷ್ಟ್ ದಿನ ಗ್ರೀಕರ ದೇವ್ರನ್ನ ಆಡೂದಲೇ? ನಮ್ಮ ಗುಡ್ಡದಾಗ ಆಡೂಣು. ಜಮದಗ್ನಿ, ಪರಶುರಾಮ, ಕಾರ್ತವೀರ್ಯ, ಎಲ್ಲಾರೂ ಅದಾರ.” ನಮಗೆಲ್ಲ ಹುರುಪು ಬಂತು. ನಾನು ಹಾಳೆ ತೆಗೆದು ನಕಾಶೆ ಬರೆಯಲೂ ಕೂತೆ. ಅದೇ ತಾಲ್ಲೂಕಿನ ಇನ್ನೊಬ್ಬ ಗೆಳೆಯ ಮಾತ್ರ ಸುಮ್ಮನಿದ್ದ. ಆಮೇಲೆ ಮೆಲ್ಲಗೆ ಹೇಳಿದ: “ಬ್ಯಾಡಲೇ. ನಮ್ಮವ್ವನ ಅವ್ವಗ ಮುತ್ತು ಕಟ್ಟಿದ್ರು. ನಿಮಗ ಅದು ಕಥಿ ಇರಬಹುದು, ನಮಗ ಅದು ಮನೀ ಮಾತು.”

ಅವತ್ತು ಆಟ ಅಲ್ಲಿಗೇ ನಿಂತಿತು. ಆದರೆ ಆ ಮಾತು ನನ್ನನ್ನು ಬಿಟ್ಟಿಲ್ಲ.

ಗ್ರೀಕ್ ಪುರಾಣ ಆಡಲು ಸಲೀಸು ಯಾಕೆಂದರೆ ಜ್ಯೂಸ್‌ನ ಗುಡಿಯ ಮುಂದೆ ಇಂದು ನಮ್ಮ ಮನೆಯವರು ಯಾರೂ ಸಾಲಿನಲ್ಲಿ ನಿಂತಿಲ್ಲ. ಎಲ್ಲಮ್ಮನ ಗುಡ್ಡ ಹಾಗಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು, ಭಂಡಾರ ಹಚ್ಚಿಕೊಂಡು ‘ಉಧೋ ಉಧೋ’ ಎನ್ನುತ್ತ ಬರುವ ಜನ ಇಂದಿಗೂ ಇದ್ದಾರೆ. ಕವಡೆ ನಮಗೆ ಆಟದ ಕಾಯಿ. ಜೋಗತಿಯ ಕೊರಳಲ್ಲಿ ಅದೇ ಕವಡೆ ಸರವಾಗಿ ಅವಳ ಇಡೀ ಬಾಳನ್ನು ಹೇಳುತ್ತದೆ. ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವುದನ್ನು ತಡೆಯಲು ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಬೇಕಾಯಿತು. ಅಂಥ ನೋವನ್ನು ದಾಳದ ಮೇಲೆ ಉರುಳಿಸುವ ಹಕ್ಕು ನಮಗೆ ಯಾರು ಕೊಟ್ಟರು?

ಹಾಗಾದರೆ ನಮ್ಮ ನೆಲದ ಕಥೆ ಆಡಲೇಬಾರದೇ? ನನ್ನ ಉತ್ತರ: ಆಡಬೇಕು, ಆದರೆ ದಾರಿ ನೋಡಿಕೊಂಡು.

ದಾರಿಯನ್ನು ಥೆರೋಸ್ ಪುಸ್ತಕವೇ ತೋರಿಸುತ್ತದೆ. ಅದರಲ್ಲಿ ಜ್ಯೂಸ್ ಇಲ್ಲ, ಅಥೀನಾ ಇಲ್ಲ. ಹೀಲಿಯಡ್, ಥಾಸಾ, ಎರೆಬೋಸ್ ಎಂಬ ದೇವರುಗಳಿದ್ದಾರೆ. ಬರೆದವರು ಪುರಾಣದ ಹದ ಹಿಡಿದರು, ಮೂರ್ತಿಯನ್ನು ಎತ್ತಿಕೊಂಡು ಹೋಗಲಿಲ್ಲ. 2022ರಲ್ಲಿ ಬಂದ ‘ಜರ್ನೀಸ್ ಥ್ರೂ ದಿ ರೇಡಿಯಂಟ್ ಸಿಟಾಡೆಲ್’ ಪುಸ್ತಕದಲ್ಲಿ ಕೋಲ್ಕತ್ತಾ ಮೂಲದ ಲೇಖಕಿ ಮಿಮಿ ಮಂಡಲ್ ತಮ್ಮ ಸೀಮೆಯ ನದಿ, ಕಾಡುಗಳ ನೆನಪಿನಿಂದ ಒಂದು ಹೊಸ ನಾಡನ್ನೇ ಕಟ್ಟಿದ್ದಾರೆ. ಬಂಗಾಳಕ್ಕೆ ಸಾಧ್ಯವಾದದ್ದು ಮಲಪ್ರಭೆಗೆ ಯಾಕೆ ಆಗಬಾರದು?

ನಮ್ಮಲ್ಲಿ ಸಾಮಗ್ರಿಗೆ ಬರವಿಲ್ಲ. ಗುಡ್ಡ ಸೀಳಿಕೊಂಡು ಹರಿಯುವ ನದಿ ನವಿಲುತೀರ್ಥದಲ್ಲಿದೆ. ಸೊಗಲದಲ್ಲಿ ಗುಡಿಯ ಪಕ್ಕದಲ್ಲೇ ಜಲಪಾತವಿದೆ. ಸುರೇಬಾನದ ಹತ್ತಿರ ಶಬರಿ ಕಾದು ಕೂತಿದ್ದಳೆಂದು ಜನ ನಂಬುವ ಕೊಳ್ಳವಿದೆ. ತೊರಗಲ್ಲಿನ ಕೋಟೆ, ಪರಸಗಡದ ಕೋಟೆ ಇವೆ. ಹೆಸರು ಬದಲಿಸಿ ಒಂದು ನಾಡು ಕಟ್ಟಿದರೆ ಯಾವ ದೇವರನ್ನೂ ದಾಳಕ್ಕೆ ಇಳಿಸುವ ಪ್ರಮೇಯವೇ ಬಾರದು.

ಇತಿಹಾಸವೂ ಇದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ ಎಂಬುದನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದವರೇ. ಅದರ ಮರುದಿನ ಏನು ಎಂದು ನಮ್ಮನ್ನು ಯಾರಾದರೂ ಕೇಳಿದ್ದಾರೆಯೇ? ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆಸಿಕ್ಕಿದ್ದಾರೆ. ಅವರನ್ನು ಬಿಟ್ಟರೆ ಯುದ್ಧ ನಿಲ್ಲುತ್ತದೆಂಬ ಭರವಸೆ ಬಂದಿದೆ. ಬಿಡಬೇಕೋ, ಇಟ್ಟುಕೊಳ್ಳಬೇಕೋ? ರಾಣಿ ಬಿಟ್ಟಳು. ಡಿಸೆಂಬರ್‌ನಲ್ಲಿ ಇನ್ನೂ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ಚೆನ್ನಮ್ಮ ತೀರಿಕೊಂಡಳು. ಈ ಒಂದು ನಿರ್ಧಾರವನ್ನು ನಾವು ಚಾಪೆಯ ಮೇಲೆ ಆಡಿ ನೋಡಿದೆವು. ಎರಡು ತಾಸು ಜಗಳವಾಯಿತು. ಕೊನೆಗೆ ನಮ್ಮ ನಾಲ್ವರಲ್ಲಿ ಮೂವರು ಸೆರೆಯಾಳುಗಳನ್ನು ಬಿಟ್ಟರು! ಇತಿಹಾಸ ಗೊತ್ತಿದ್ದೂ, ಕೊಟ್ಟ ಮಾತನ್ನು ನಂಬುವುದು ತಪ್ಪೆಂದು ಹೇಳಲು ಅವರಿಗೆ ಮನಸ್ಸು ಬರಲಿಲ್ಲ. ಚೆನ್ನಮ್ಮ ನನಗೆ ಮೊದಲ ಸಲ ಪುತ್ಥಳಿಯಿಂದ ಇಳಿದು ಮನುಷ್ಯಳಾಗಿ ಕಂಡಿದ್ದು ಅವತ್ತು.

‘ಕೆಪಿಎಸ್‌ಸಿ ಓದೂದ ಬಿಟ್ಟು ಇದೇನಪಾ?’ ಎಂದು ಮನೆಯಲ್ಲಿ ಕೇಳುತ್ತಾರೆ. ಕೇಳಬೇಕಾದ್ದೇ. ಈ ಆಟ ನೌಕರಿ ಕೊಡುತ್ತದೆಂದು ನಾನು ಹೇಳುವುದಿಲ್ಲ. ಆದರೆ ಗ್ರೂಪ್ ಡಿಸ್ಕಷನ್ ಎಂದರೆ ಬೆವರುತ್ತಿದ್ದ ರಾಮದುರ್ಗದ ಗೆಳೆಯ ಈಗ ನಾಲ್ಕು ಜನರ ಮುಂದೆ ತನ್ನ ಮಾತನ್ನು ನಿಲ್ಲಿಸಿ ಹೇಳುತ್ತಾನೆ, ಎದುರಿನವನ ಮಾತನ್ನು ಪೂರ್ತಿ ಕೇಳುತ್ತಾನೆ. ಇದೇನು ನಮಗೆ ಪರದೇಶದ ವಿದ್ಯೆಯೂ ಅಲ್ಲ. ಹರದೇಶಿ–ನಾಗೇಶಿ ಲಾವಣಿಯಲ್ಲಿ ಎದುರಾಳಿಯ ಪ್ರಶ್ನೆಗೆ ನಿಂತ ನಿಲುವಿನಲ್ಲೇ ಉತ್ತರ ಕಟ್ಟಿ ಹಾಡಿದವರು ನಮ್ಮ ಹಿರಿಯರು. ‘ಸಂಗ್ಯಾ ಬಾಳ್ಯಾ’ದಂಥ ಸಣ್ಣಾಟ ಹುಟ್ಟಿದ್ದು ಇದೇ ಬೈಲಹೊಂಗಲ ಸೀಮೆಯಲ್ಲಿ.

ಖರ್ಚೂ ಹೆಚ್ಚಿಲ್ಲ. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಗಿದೆ. ಮೂಲದ ಹೆಸರು ಹೇಳಿ, ಆ ನಿಯಮಗಳ ಮೇಲೆ ಯಾರು ಬೇಕಾದರೂ ತಮ್ಮದೇ ಲೋಕ ಕಟ್ಟಬಹುದು, ಕನ್ನಡದಲ್ಲೂ ಬರೆಯಬಹುದು. ದಾಳ ಇಲ್ಲದಿದ್ದರೆ ಇಪ್ಪತ್ತು ಚೀಟಿ ಸಾಕು.

ನಮ್ಮ ಗುಂಪು ಈಗ ಎರಡು ಕಟ್ಟಳೆ ಹಾಕಿಕೊಂಡಿದೆ. ಜನ ಇಂದಿಗೂ ಕೈಮುಗಿಯುವ ದೇವರನ್ನು ಪಾತ್ರ ಮಾಡುವುದಿಲ್ಲ. ಯಾರ ಮನೆಯ ನೋವು ಕಥೆಯಲ್ಲಿ ಬರುತ್ತದೋ ಅವರನ್ನು ಕೇಳದೆ ಅದನ್ನು ಮುಟ್ಟುವುದಿಲ್ಲ. ಈ ಎರಡನ್ನೂ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದವನು ಅವತ್ತು ‘ಬ್ಯಾಡಲೇ’ ಎಂದ ಗೆಳೆಯನೇ. ನಮ್ಮ ಹೊಸ ನಾಡಿನ ಕಥೆ ನಡೆಸುವವನೂ ಈಗ ಅವನೇ. ಅವನು ಕಟ್ಟಿದ ಆ ನಾಡಿನಲ್ಲೂ ಒಂದು ಗುಡ್ಡವಿದೆ. ಅದನ್ನು ಹತ್ತುವ ಹೆಣ್ಣುಮಕ್ಕಳೆಲ್ಲ ತಮ್ಮ ಇಷ್ಟದಂತೆ ಹತ್ತುತ್ತಾರೆ, ತಮ್ಮ ಇಷ್ಟದಂತೆ ಇಳಿಯುತ್ತಾರೆ.