ಪ್ರೇರಕರಿಗೂ ಒಂದು ಡಿಪ್ಲೊಮಾ: ಮುಕ್ತ ವಿ.ವಿ. ಕುಲಪತಿಗಳಿಗೆ ಕಲಬುರಗಿಯಿಂದ

ಕುಲಪತಿಗಳಿಗೆ,
ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ,
ಮುಕ್ತಗಂಗೋತ್ರಿ, ಮೈಸೂರು.

ಮಾನ್ಯರೇ,

ವಯಸ್ಕರ ಶಿಕ್ಷಣದಲ್ಲಿ ಒಂದು ಸ್ನಾತಕೋತ್ತರ ಡಿಪ್ಲೊಮಾ ಆರಂಭಿಸಿ. ಅದು ಆನ್‌ಲೈನ್‌ನಲ್ಲಿರಲಿ, ಕನ್ನಡದಲ್ಲಿರಲಿ, ಮೊದಲ ಬ್ಯಾಚ್ ಕಲಬುರಗಿ ನಗರ ಮತ್ತು ಕಮಲಾಪುರ ತಾಲ್ಲೂಕಿನದಾಗಿರಲಿ. ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಟ್ಟೆ. ಯಾಕೆ ಎಂಬುದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ವಯಸ್ಕರ ಶಿಕ್ಷಣ ನಿಮ್ಮ ಊರಿಗೆ ಹೊಸದಲ್ಲ. 1940ರ ದಶಕದಲ್ಲೇ ಮೈಸೂರಿನಲ್ಲಿ ವಯಸ್ಕರ ಶಿಕ್ಷಣ ಸಮಿತಿ ಕೆಲಸ ಮಾಡುತ್ತಿತ್ತು. 1947ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠ ತೆರೆಯಿತು. ಹೊಸದಾಗಿ ಓದಲು ಕಲಿತವರಿಗೆಂದೇ ಸಮಿತಿ ‘ಬೆಳಕು’ ವಾರಪತ್ರಿಕೆ ಹೊರಡಿಸಿತು. ಆಗ ನಾವು ನಿಜಾಮರ ರಾಜ್ಯದಲ್ಲಿದ್ದೆವು. ಸಾಲಿಗಳೇ ವಿರಳ, ಮೇಲಿನ ಓದೆಲ್ಲ ಉರ್ದುವಿನಲ್ಲಿ. ಅಲ್ಲಿ ಬಿದ್ದ ಅಂತರ ಇನ್ನೂ ಮುಚ್ಚಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75 ದಾಟಿದಾಗ ಕಲಬುರಗಿ ಜಿಲ್ಲೆಯದು 65ರ ಆಸುಪಾಸಿನಲ್ಲಿತ್ತು, ಹೆಂಗಸರದು 55ರ ಆಸುಪಾಸಿನಲ್ಲಿ.

ಯೋಜನೆಗಳು ಬಂದಿಲ್ಲವೆಂದಲ್ಲ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್, 2009ರಲ್ಲಿ ಸಾಕ್ಷರ ಭಾರತ, ಈಗ 2022ರಿಂದ 2027ರವರೆಗಿನ ಉಲ್ಲಾಸ್. ಸಾಕ್ಷರ ಭಾರತದಲ್ಲಿ ಕಲಿಕಾ ಕೇಂದ್ರ ನಡೆಸಲು ಗ್ರಾಮ ಪಂಚಾಯಿತಿಗೆ ಇಬ್ಬರು ಪ್ರೇರಕರಿದ್ದರು, ತಿಂಗಳಿಗೆ 2,000 ರೂಪಾಯಿ ಗೌರವಧನ. 2018ರ ಮಾರ್ಚ್‌ಗೆ ಯೋಜನೆ ಮುಗಿಯಿತು, ಅವರನ್ನೂ ಮನೆಗೆ ಕಳಿಸಲಾಯಿತು. ಉಲ್ಲಾಸ್ ನಡೆಯುವುದು ಸಂಬಳವಿಲ್ಲದ ಸ್ವಯಂಸೇವಕರ ಮೇಲೆ. ಸೇವೆ ಎಂಬ ಹೆಸರಿಟ್ಟ ಮೇಲೆ ಸರ್ಕಾರಕ್ಕೆ ಸಂಬಳವೂ ಉಳಿಯುತ್ತದೆ, ತರಬೇತಿಯ ಖರ್ಚೂ ಉಳಿಯುತ್ತದೆ.

ಒಂದನೇ ತರಗತಿಯ ಮಕ್ಕಳಿಗೆ ಪಾಠ ಮಾಡಬೇಕೆಂದರೆ ಡಿ.ಇಎಲ್.ಇಡಿ. ಬೇಕು. ಐವತ್ತು ವರ್ಷದ ಹೆಂಗಸಿಗೆ ಕಲಿಸುವವರಿಗೆ ಕೆಲವು ದಿನಗಳ ತರಬೇತಿ, ಒಂದು ಪ್ರೈಮರ್, ಒಂದು ಆ್ಯಪ್ ಸಾಕು ಎಂದು ನಾವೆಲ್ಲ ಒಪ್ಪಿಕೊಂಡು ಕೂತಿದ್ದೇವೆ. ಈ ಕೆಲಸ ಹತ್ತಿರದಿಂದ ಕಂಡವರಿಗೆ ಇದು ಎಷ್ಟು ತಲೆಕೆಳಗಾದ ಲೆಕ್ಕ ಎಂಬುದು ಗೊತ್ತು.

ಆ ಹೆಂಗಸನ್ನು ಸ್ವಸಹಾಯ ಸಂಘದ ಸಾಲಕ್ಕೆ ಬಡ್ಡಿ ಎಷ್ಟು ಎಂದು ಕೇಳಿ ನೋಡಿ. ದೀಡ ಸಾವಿರಕ್ಕೆ ಇಷ್ಟು, ಅಡೀಚ ಸಾವಿರಕ್ಕೆ ಇಷ್ಟು ಎಂದು ಆಕೆ ಬಾಯಲ್ಲೇ ಹೇಳುತ್ತಾಳೆ. ಬರೆಯಲು ಮಾತ್ರ ಬರುವುದಿಲ್ಲ. ಅಂಥವಳ ಮುಂದೆ ಒಂದು ಮಾವಿನಹಣ್ಣು, ಎರಡು ಮಾವಿನಹಣ್ಣು ಎಂದು ಶುರು ಮಾಡಿದರೆ ಮಾರನೆಯ ದಿನ ಬರುವುದಿಲ್ಲ. “ಈ ವಯಸ್ಸಿನಾಗ ಇದೆಲ್ಲ ಯಾಕ್ರೀ ಸರ” ಎಂಬ ಮಾತಿನ ಹಿಂದೆ ಇರುವುದು ಬಹಳ ಸಲ ಸೋಮಾರಿತನವಲ್ಲ, ಆದ ಅವಮಾನ. ಇನ್ನೊಂದು ಸಣ್ಣ ಸಂಗತಿ: ನಲವತ್ತು ದಾಟಿದವರಿಗೆ ಚಾಳೀಸು ಬಂದಿರುತ್ತದೆ. ಸಂಜೆಯ ಮಂದ ಬೆಳಕಿನಲ್ಲಿ ‘ಪ’ ಯಾವುದು, ‘ಷ’ ಯಾವುದು ಎಂದು ತಡವರಿಸಿದರೆ ಬುದ್ಧಿ ಮಂದ ಎಂದುಕೊಳ್ಳುವ ಬೋಧಕರಿದ್ದಾರೆ. ಬೇಕಾಗಿರುವುದು ಕನ್ನಡಕ. ಇದನ್ನು ಯಾರಾದರೂ ಹೇಳಿಕೊಡಬೇಕಲ್ಲವೇ?

ಭಾಷೆಯ ವಿಷಯ ಇದಕ್ಕಿಂತ ಕಠಿಣ. ಕಮಲಾಪುರ ಎಂದರೆ ಹೊರಗಿನವರಿಗೆ ಕೆಂಪು ಬಾಳೆ ನೆನಪಾಗುತ್ತದೆ. ಅಲ್ಲಿ ಸಾಕಷ್ಟು ತಾಂಡಾಗಳೂ ಇವೆ, ಮನೆಮಾತು ಲಂಬಾಣಿ. ನಗರದ ಅನೇಕ ಓಣಿಗಳಲ್ಲಿ ದಖನಿ ಉರ್ದು. ಕನ್ನಡದ ಮನೆಗಳಲ್ಲೂ ಮಾತು ಪ್ರೈಮರಿನ ಕನ್ನಡವಲ್ಲ. ಲಂಬಾಣಿ ಮಾತಾಡುವ ತಾಯಿಗೆ ‘ಬಾಳಿಗೆ ಬೆಳಕು’ ಪ್ರೈಮರ್ ಹಿಡಿದು ಕಲಿಸುವವರು ಒಟ್ಟಿಗೆ ಎರಡು ಕೆಲಸ ಮಾಡುತ್ತಿರುತ್ತಾರೆ: ಲಿಪಿ ಕಲಿಸುವುದು, ಭಾಷೆ ಕಲಿಸುವುದು. ಇವೆರಡನ್ನೂ ಬೇರ್ಪಡಿಸಿ ನೋಡುವುದು ಹೇಗೆಂಬುದು ಎಂ.ಎ. ಮಟ್ಟದ ಪಾಠವೇ. 1963ರಲ್ಲಿ ಬ್ರೆಜಿಲ್ ದೇಶದ ಅಂಜಿಕೋಸ್‌ನಲ್ಲಿ ಶಿಕ್ಷಣತಜ್ಞ ಪೌಲೊ ಫ್ರೇರೆ ಸುಮಾರು 300 ಕೂಲಿಕಾರರಿಗೆ ನಲವತ್ತು ತಾಸಿನ ಪಾಠದಲ್ಲಿ ಓದು ಕಲಿಸಲು ಹೊರಟಾಗ ಮೊದಲು ಮಾಡಿದ್ದು ಅವರ ದಿನನಿತ್ಯದ ಮಾತುಗಳನ್ನು ಕಲೆಹಾಕುವುದು. ನಮ್ಮಲ್ಲಿ ಆ ಪಟ್ಟಿ ತೊಗರಿ, ಬಾಳೆ, ಕಂತು, ಗುಳೆ ಎಂದು ಶುರುವಾದೀತು. ಅದನ್ನು ಮಾಡಬೇಕಾದವರು ಬೆಂಗಳೂರಿನ ತಜ್ಞರಲ್ಲ, ಇಲ್ಲಿಯ ಬೋಧಕರು.

ಗುಳೆ ಎಂದೆ. ಪುಣೆ, ಮುಂಬೈ, ಹೈದರಾಬಾದಿಗೆ ಹೋದ ಕಲಿಕಾರ್ಥಿ ತಿಂಗಳುಗಟ್ಟಲೆ ಬರುವುದಿಲ್ಲ. ಮರಳಿದಾಗ ಎಲ್ಲಿಂದ ಎತ್ತಿಕೊಳ್ಳಬೇಕು? ಮಕ್ಕಳ ಶಿಕ್ಷಕರಿಗೆಂದು ಬರೆದ ಪಠ್ಯಕ್ರಮದಲ್ಲಿ ಇದಕ್ಕೆ ಉತ್ತರವಿರುವುದಿಲ್ಲ.

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ವಯಸ್ಕರ ಶಿಕ್ಷಣದಲ್ಲಿ ಎಂ.ಎ. ನಡೆಸಿದೆ. ಅದನ್ನು ಕನ್ನಡದಲ್ಲಿ ಓದುವಂತಿಲ್ಲ. ಕಮಲಾಪುರದ ಬಿ.ಎ. ಮುಗಿಸಿದ ಮಾಜಿ ಪ್ರೇರಕಿಗೆ ಅದು ಇದ್ದರೂ ಇಲ್ಲದಂತೆಯೇ. ಕಲಬುರಗಿಯಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯವಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಅಲ್ಲೇ ಕಲಿಯಬಾರದೇ ಎಂದು ನೀವು ಕೇಳಬಹುದು. ಆಕೆ ಹಗಲು ಹೊಲದಲ್ಲಿರುತ್ತಾಳೆ, ಸಂಜೆ ಸ್ವಯಂಸೇವಕಿಯಾಗಿ ಕಲಿಕಾ ಕೇಂದ್ರದಲ್ಲಿರುತ್ತಾಳೆ. ಶಕ್ತಿ ಯೋಜನೆ ಬಸ್ಸನ್ನು ಉಚಿತ ಮಾಡಿತೇ ಹೊರತು ಆಕೆಯ ದಿನಕ್ಕೆ ತಾಸು ಸೇರಿಸಲಿಲ್ಲ. ಅದಕ್ಕೇ ಆನ್‌ಲೈನ್ ಎಂದದ್ದು. ನೆಟ್‌ವರ್ಕ್ ಸಿಗದವರು, ಮನೆಯಲ್ಲಿ ಒಂದೇ ಮೊಬೈಲ್ ಇರುವವರು ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕೂತು ಪಾಠ ಕೇಳಲಿ, ಪಾಠಗಳನ್ನು ಅಲ್ಲಿಂದ ಇಳಿಸಿಕೊಂಡು ಹೋಗಲಿ. ನೇರ ಪಾಠವಿದ್ದರೆ ರಾತ್ರಿ ಒಂಬತ್ತರ ನಂತರ ಇಡಿ.

ಆದರೆ ಪೂರ್ತಿ ಪರದೆಯ ಮೇಲೆ ಮುಗಿಯುವ ಕೋರ್ಸ್ ಬೇಡ. ಅಭ್ಯರ್ಥಿ ತಾನು ಕಲಿಸುವ ಕೇಂದ್ರವೇ ಪ್ರಾಯೋಗಿಕ ತರಗತಿಯಾಗಬೇಕು, ಹಿಂದೆ ಮಾಡಿದ ಕೆಲಸಕ್ಕೂ ಕ್ರೆಡಿಟ್ ಸಿಗಬೇಕು. ತಿಂಗಳಿಗೊಮ್ಮೆ ನಿಮ್ಮ ಕಲಬುರಗಿ ಪ್ರಾದೇಶಿಕ ಕೇಂದ್ರದವರು ಬಂದು ಪಾಠ ನೋಡಲಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಪರೀಕ್ಷೆ ಇಡಬೇಡಿ. ಆ ದಿನಗಳಲ್ಲಿ ಇಲ್ಲಿಯ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಮೈಸೂರಿನ ತಂಪಿನಲ್ಲಿ ವೇಳಾಪಟ್ಟಿ ಬರೆಯುವವರಿಗೆ ಇದು ಮರೆತುಹೋಗುತ್ತದೆ.

ಸಾಕ್ಷರತಾ ಬೋಧಕರಿಗಷ್ಟೇ ಇದನ್ನು ಸೀಮಿತ ಮಾಡುವ ಅಗತ್ಯವೂ ಇಲ್ಲ. ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಕೃಷಿ ಸಖಿ, ಲೆಕ್ಕದ ಪುಸ್ತಕ ಬರೆಯುವಾಕೆ, ಜೈಲಿನಲ್ಲಿ ಪಾಠ ಹೇಳುವವರು, ಹೊಲಿಗೆ ತರಬೇತಿ ಕೊಡುವವರು, ಇವರೆಲ್ಲ ದೊಡ್ಡವರಿಗೆ ಕಲಿಸುವವರೇ.

ಒಂದು ಕಹಿ ಮಾತು. 2012–13ರ ನಂತರ ಯುಜಿಸಿ ಮಾನ್ಯತೆ ಇಲ್ಲದೆ ನಿಮ್ಮ ಸಂಸ್ಥೆ ಕಳೆದ ವರ್ಷಗಳಲ್ಲಿ ಪದವಿ ಪಡೆದವರ ಪಾಡು ಈ ಭಾಗದವರಿಗೆ ಮರೆತಿಲ್ಲ. 2018ರಲ್ಲಿ ಮಾನ್ಯತೆ ಮರಳಿತು, ಸಂತೋಷ. ಆದರೂ ಈ ಡಿಪ್ಲೊಮಾಕ್ಕೆ ಅರ್ಜಿ ಕರೆಯುವ ಮೊದಲು ಮಾನ್ಯತೆಯ ಪತ್ರವನ್ನು ಪ್ರಕಟಿಸಿ. ಅದರಿಂದ ಯಾವ ಹುದ್ದೆಗೆ ಅರ್ಹತೆ ಬರುತ್ತದೆ ಎಂಬುದನ್ನು ಲೋಕ ಶಿಕ್ಷಣ ನಿರ್ದೇಶನಾಲಯದಿಂದ ಬರಹದಲ್ಲಿ ಪಡೆಯಿರಿ. ಹುದ್ದೆ ಇಲ್ಲದ ಪದವಿ ಈ ಊರುಗಳಲ್ಲಿ ಬೇಕಾದಷ್ಟಿದೆ.

ಹಣದ ಪ್ರಶ್ನೆ ಬಂದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಬಾಗಿಲು ತಟ್ಟಿ. 371(ಜೆ) ವಿಧಿಯಡಿ ಬಂದ ಮಂಡಳಿ ಅದು, ರಸ್ತೆ, ಕಟ್ಟಡಕ್ಕಷ್ಟೇ ಇರುವುದಲ್ಲ. ಮಾಜಿ ಪ್ರೇರಕರ ಶುಲ್ಕವನ್ನು ಮಂಡಳಿಯೇ ಭರಿಸಲಿ ಎಂದು ಒಂದು ಪತ್ರ ಬರೆಯಿರಿ. ಮುಂದಿನ ಜುಲೈ ಪ್ರವೇಶದ ಪ್ರಕಟಣೆಯಲ್ಲಿ ಈ ಕೋರ್ಸಿನ ಹೆಸರು ಇರಲಿ, ಪಠ್ಯಕ್ರಮ ಸಮಿತಿಯಲ್ಲಿ ಕಮಲಾಪುರದ ಒಬ್ಬ ಪ್ರೇರಕಿಗೆ ಕುರ್ಚಿ ಇರಲಿ.

ಇಂತಿ,
ಕಲಬುರಗಿಯ ಒಬ್ಬ ನಾಗರಿಕ