ಗಾರೆ ಗೋಡೆಗೆ ಸಿಮೆಂಟಿನ ತಕ್ಕಡಿ

ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ಕೆಡವಬೇಕೋ ಉಳಿಸಬೇಕೋ ಎಂಬ ಜಗಳ 2016ರ ಆಗಸ್ಟ್‌ನಲ್ಲಿ ಬಿಸಿಯೇರಿತು. ದುರಸ್ತಿ ನಡೆಯುತ್ತಿದ್ದಾಗಲೇ ಅದರ ಉತ್ತರ ಭಾಗ ಕುಸಿದುಬಿತ್ತು. ಅದಕ್ಕೂ ನಾಲ್ಕು ವರ್ಷ ಮೊದಲು ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಸತ್ತಿದ್ದರು. ಒಂದು ತಜ್ಞರ ತಂಡ ಉಳಿಸಬಹುದು ಎಂದಿತು, ಇನ್ನೊಂದು ಕೆಡವುವುದೇ ಸರಿ ಎಂದಿತು; 2023ರಲ್ಲಿ ಹೈಕೋರ್ಟ್ ಕೆಡವಲು ಸಮ್ಮತಿಸಿತು. ವಾದವೆಲ್ಲ ಪರಂಪರೆ ದೊಡ್ಡದೋ ಜೀವ ದೊಡ್ಡದೋ ಎಂಬಲ್ಲೇ ಗಿರಕಿ ಹೊಡೆಯುತ್ತಿದೆ. ನನ್ನ ತಕರಾರು ಬೇರೆ: ಹಳೆಯ ಕಟ್ಟಡದ ನಾಡಿ ಹಿಡಿಯಲು ಕಲಿತವರು ನಮ್ಮ ಪಾಲಿಕೆಗಳಲ್ಲಿ, ಲೋಕೋಪಯೋಗಿ ಇಲಾಖೆಯಲ್ಲಿ ಎಷ್ಟು ಮಂದಿ ಇದ್ದಾರೆ?

ಸಿವಿಲ್ ಎಂಜಿನಿಯರಿಂಗ್ ಪದವಿಯ ಪಾಠ ಬಹುಪಾಲು ಸಿಮೆಂಟು, ಉಕ್ಕಿನದು. ಹಳೆಯ ಕಟ್ಟಡಗಳ ಚಾವಣಿಯಾದ ಮದ್ರಾಸ್ ತಾರಸಿಯ ಲೆಕ್ಕವೇ ಬೇರೆ. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಜೋಡಿಸಿ, ಸುಣ್ಣದ ಗಾರೆ ತುಂಬುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಹರವಿ, ಅಳಲೆಕಾಯಿ, ಬೆಲ್ಲದ ನೀರು ಚಿಮುಕಿಸುತ್ತಾ ದಿನಗಟ್ಟಲೆ ಬಡಿಯುತ್ತಾರೆ. ಗಾರೆ ಮಳೆಗಾಲದ ತೇವವನ್ನು ಹೀರಿ ಬಿಸಿಲಲ್ಲಿ ಬಿಟ್ಟುಕೊಡುತ್ತದೆ. ಸೋರಿತೆಂದು ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ; ಇಟ್ಟಿಗೆ ಪುಡಿಯಾಗುತ್ತದೆ, ಗೋಡೆಯಲ್ಲಿ ಹುದುಗಿದ ತೊಲೆಯ ತುದಿ ಕೊಳೆಯುತ್ತದೆ, ಹೊರಗಿನಿಂದ ಮಾತ್ರ ಎಲ್ಲ ಗಟ್ಟಿಯಾಗಿಯೇ ಕಾಣುತ್ತದೆ. ಇದನ್ನು ಓದಲು ಬಾರದವರ ಕೈಯಲ್ಲಿ ದುರಸ್ತಿಯೇ ಕೇಡು. ಆದ್ದರಿಂದ ಜೀವಭಯದ ಮಾತು ನನ್ನ ವಾದವನ್ನು ಬೀಳಿಸುವುದಿಲ್ಲ. ಸತ್ತ ನಾಲ್ವರ ಹೆಸರಲ್ಲೇ ಕೇಳಬೇಕಾದ ಪ್ರಶ್ನೆ ಇದು.

ಇದನ್ನು ಕಲಿಸುವ ಜಾಗಗಳು ಇಲ್ಲದಿಲ್ಲ. ದೆಹಲಿ ಮತ್ತು ಭೋಪಾಲದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ಗಳಲ್ಲಿ, ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲಿ ಕಟ್ಟಡ ಸಂರಕ್ಷಣೆಗೇ ಮೀಸಲಾದ ಸ್ನಾತಕೋತ್ತರ ಓದು ಇದೆ. ಗೋಡೆಯನ್ನು ಅಂಗುಲ ಅಂಗುಲವಾಗಿ ಅಳೆದು ನಕ್ಷೆ ಬರೆಯುವುದು, ಬಿರುಕು ಯಾವ ಕಡೆಯಿಂದ ಹೊರಟಿತೆಂದು ಪತ್ತೆಹಚ್ಚುವುದು ಅಲ್ಲಿನ ಆರಂಭ ಮಾತ್ರ. ಕಷ್ಟದ ಪಾಠ ವಿನ್ಯಾಸದ್ದು. ಮಾರುಕಟ್ಟೆಯ ಹೂವು, ವೀಳ್ಯದೆಲೆ, ಕುಂಕುಮದ ರಾಶಿಗಳ ನಡುವೆ ಚರಂಡಿ ಎಲ್ಲಿ ಹಾಯಬೇಕು, ವಿದ್ಯುತ್ ತಂತಿ, ಶೌಚಾಲಯ, ಬೆಂಕಿ ಬಿದ್ದರೆ ಓಡುವ ದಾರಿ ಎಲ್ಲಿ ಬರಬೇಕು, ಅದೂ ಹಳೆಯ ಕಮಾನಿಗೆ ಏಟಾಗದಂತೆ? ಹೊಸ ಕಟ್ಟಡದ ನಕ್ಷೆಗಿಂತ ಇದಕ್ಕೆ ಹೆಚ್ಚು ಕಲ್ಪನೆ ಬೇಕು.

ಕೆಡವಿ ಅದೇ ಶೈಲಿಯಲ್ಲಿ ಕಟ್ಟಿದರಾಯಿತಲ್ಲ ಎನ್ನುವವರಿದ್ದಾರೆ. ಕಾಂಕ್ರೀಟಿಗೆ ಕಮಾನಿನ ಮುಖವಾಡ ತೊಡಿಸಿದರೆ ನೋಟ ಉಳಿದೀತು, ಕಟ್ಟಿದ ಕೈಗಳ ತಿಳಿವಳಿಕೆ ಉಳಿಯದು. ಬೆಂಗಳೂರಿನ 1868ರ ಅಠಾರ ಕಚೇರಿಯನ್ನೂ 1980ರ ದಶಕದಲ್ಲಿ ಕೆಡವಲು ಹೊರಟಿದ್ದರು. ನಾಗರಿಕರು ಹೋರಾಡಿದ್ದರಿಂದ ಉಳಿಯಿತು, ಇಂದು ಅದರಲ್ಲೇ ಹೈಕೋರ್ಟ್ ನಡೆಯುತ್ತಿದೆ. ಸಂರಕ್ಷಣೆಯ ಪದವಿ ಪಡೆದವರಿಗೆ ಕೆಲಸವೆಲ್ಲಿ ಎಂಬ ಆಕ್ಷೇಪ ಮಾತ್ರ ನಿಜ, ತೂಕದ್ದೂ ಹೌದು. ಕೋರ್ಸ್ ತೆರೆದು ಹುದ್ದೆ ತೆರೆಯದಿದ್ದರೆ ಅದು ವಿದ್ಯಾರ್ಥಿಗಳಿಗೆ ಬಗೆದ ಮೋಸ. ಪಾರಂಪರಿಕ ಕಟ್ಟಡವನ್ನು ಅಪಾಯಕಾರಿ ಎಂದು ಘೋಷಿಸುವ ಯಾವುದೇ ವರದಿಗೆ ಸಂರಕ್ಷಣೆ ಓದಿದ ವಾಸ್ತುಶಿಲ್ಪಿಯ ಸಹಿ ಕಡ್ಡಾಯವೆಂದು ಸರ್ಕಾರ ನಿಯಮ ಮಾಡಲಿ. ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲೂ ಕಲಿಸುವ ವಿಭಾಗ ಬರಲಿ, ಗಾರೆ ಕೆಲಸ ಬಲ್ಲ ಹಿರಿಯ ಮೇಸ್ತ್ರಿಗಳು ಅಲ್ಲಿ ಸಂಬಳದ ಗುರುಗಳಾಗಲಿ. ಮೊದಲ ತಂಡದ ಮೊದಲ ಅಭ್ಯಾಸಕ್ಕೆ ದೇವರಾಜ ಮಾರುಕಟ್ಟೆಯನ್ನೇ ಕೊಡಲಿ. ಅಲ್ಲಿಯತನಕ ಜೆಸಿಬಿ ಅದರ ಬಾಗಿಲಿಗೆ ಬರುವುದು ಬೇಡ.