ಹಳೆಯ ಸಣ್ಣ ಕಾರು, ಹೊಸ ಎತ್ತರದ ಗಾಡಿ: ಒಕ್ಕಲಿಗನ ಲೆಕ್ಕ

ನಮ್ಮ ಅಕ್ಕಲಕೋಟ, ದಕ್ಷಿಣ ಸೋಲಾಪುರ, ಜತ್ತ ಭಾಗದ ಹಳ್ಳಿಗಳಲ್ಲಿ ಈಗ ಒಂದು ಹೊಸ ಹಂಬಲ ಎದ್ದಿದೆ. ಐದಾರು ವರ್ಷಗಳ ಹಿಂದೆ ಯಾರಿಂದಲೋ ಕೊಂಡ ಸೆಕೆಂಡ್‌ಹ್ಯಾಂಡ್ ಸಣ್ಣ ಕಾರನ್ನು ಕೊಟ್ಟುಬಿಟ್ಟು, ಕಂಪನಿಯವರು ಕಾಂಪ್ಯಾಕ್ಟ್ ಎಸ್‌ಯುವಿ ಎಂದು ಕರೆಯುವ ಎತ್ತರದ ಹೊಸ ಗಾಡಿಯನ್ನು ಅಂಗಳಕ್ಕೆ ತರಬೇಕೆಂಬ ಹಂಬಲ ಅದು. ಒಕ್ಕಲುತನದ ಪುಟದಲ್ಲಿ ಕಾರಿನ ಮಾತೇಕೆ ಎಂದು ಕೇಳುವ ಹಿರಿಯರು ಇದ್ದಾರು. ಕಾರಿನ ಸಾಲ ತೀರಬೇಕಾದುದು ಹೊಲದಿಂದಲೇ. ಆದುದರಿಂದ ಈ ಮಾತು ಇಲ್ಲಿಯೇ ಆಗತಕ್ಕದ್ದು.

2025ರ ಸೆಪ್ಟೆಂಬರ ತಿಂಗಳನ್ನು ನಾವು ಮರೆಯುವಂತಿಲ್ಲ. ಆ ತಿಂಗಳ 22ರಂದು ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಇಳಿಯಿತು. ನಾಲ್ಕು ಮೀಟರಿನೊಳಗಿನ ಉದ್ದದ, 1200 ಸಿಸಿ ಮೀರದ ಪೆಟ್ರೋಲು ಗಾಡಿಗೆ ಮೊದಲು ಸೆಸ್ಸು ಸೇರಿ ನೂರಕ್ಕೆ 29 ಇದ್ದುದು 18ಕ್ಕೆ ಬಂತು. ಒಂಬತ್ತು ಲಕ್ಷದ ಗಾಡಿಗೆ ಎಪ್ಪತ್ತೈದು ಸಾವಿರದಷ್ಟು ಉಳಿತಾಯ. ಅದೇ ವಾರದಲ್ಲಿ ಸೀನಾ ನದಿಗೆ ಮಹಾಪೂರ ಬಂದು ಸೋಲಾಪುರ ಜಿಲ್ಲೆಯ ಎಷ್ಟೋ ಊರುಗಳ ನಿಂತ ಬೆಳೆ ನೀರುಪಾಲಾಯಿತು. ಒಂದು ಕಡೆ ಶೋರೂಮಿನ ಮುಂದೆ ಹೂವಿನ ಹಾರ, ಇನ್ನೊಂದು ಕಡೆ ಕೊಳೆತ ತೊಗರಿ. ಬೆಲೆ ಇಳಿಯಿತೆಂದು ಕೊಳ್ಳುವವನು ತನ್ನ ಹೊಲದ ಕಡೆ ಒಮ್ಮೆ ತಿರುಗಿ ನೋಡಬೇಕೆಂಬುದಕ್ಕೆ ಬೇರೆ ದೃಷ್ಟಾಂತ ಬೇಕಿಲ್ಲ. ಇನ್ನೊಂದು ಮಾತು: ಹೊಸದರ ಬೆಲೆ ಇಳಿದರೆ ನಿಮ್ಮ ಹಳೆಯದರ ಬೆಲೆಯೂ ಅದರ ಹಿಂದೆ ಇಳಿಯುತ್ತದೆ. ಪೂರ್ತಿ ಉಳಿತಾಯ ಕೈಗೆ ಬಂದೀತೆಂದು ತಿಳಿಯಬೇಡಿ. ಎತ್ತರದ ಗಾಡಿಗಳೆಲ್ಲಕ್ಕೂ ಈ ರಿಯಾಯಿತಿ ಇಲ್ಲವೆಂಬುದನ್ನೂ ಗಮನಿಸಿರಿ. ಮಾರುತಿಯ ಬ್ರೆಝಾ ನಾಲ್ಕು ಮೀಟರಿನೊಳಗೇ ಇದ್ದರೂ ಅದರ ಎಂಜಿನು 1462 ಸಿಸಿ. ಅದಕ್ಕೆ ನೂರಕ್ಕೆ 40.

ಈಗ ಎತ್ತರದ ಗಾಡಿ ಎಂದರೆ ಎಷ್ಟು ಎತ್ತರ, ನೋಡೋಣ. ಎಲ್ಲರೂ ಬಲ್ಲ ಎರಡು ಗಾಡಿಗಳನ್ನು ಹಿಡಿಯೋಣ: ಸಣ್ಣದರಲ್ಲಿ ವ್ಯಾಗನ್‌ಆರ್, ಎತ್ತರದ್ದರಲ್ಲಿ ಟಾಟಾ ನೆಕ್ಸಾನ್. ನೆಲದಿಂದ ಛತ್ತಿನವರೆಗೆ ಅಳೆದರೆ ವ್ಯಾಗನ್‌ಆರ್ 1675 ಮಿಲಿಮೀಟರು, ನೆಕ್ಸಾನ್ 1620. ನೋಡಿದಿರಾ, ಸಣ್ಣದೇ ಎತ್ತರ! ಹಿಂದಿನ ಡಿಕ್ಕಿ ಒಂದರಲ್ಲಿ 341 ಲೀಟರು, ಇನ್ನೊಂದರಲ್ಲಿ 382. ಅಂತರ ಎರಡು ಕೊಡ ನೀರಿನಷ್ಟು. ಕುಳ್ಳಿರುವವರು ಎರಡರಲ್ಲಿಯೂ ಐವರೇ. ನಿಜವಾದ ಅಂತರ ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವಿನ ಜಾಗದಲ್ಲಿದೆ: ಅಲ್ಲಿ 165, ಇಲ್ಲಿ 208. ನಲವತ್ತಮೂರು ಮಿಲಿಮೀಟರು, ಎರಡು ಬೆರಳಿಗಿಂತ ತುಸು ಹೆಚ್ಚು.

ಈ ಎರಡು ಬೆರಳನ್ನು ನಾನು ಹಗುರವಾಗಿ ಕಾಣುವವನಲ್ಲ. ಕಬ್ಬಿನ ಟ್ರ್ಯಾಕ್ಟರು ಹೋಗಿ ಹೋಗಿ ನಡುವೆ ದಿಬ್ಬ ಎದ್ದ ಚಕ್ಕಡಿ ದಾರಿಯಲ್ಲಿ, 45 ಕಿಲೋದ ಯೂರಿಯಾ ಚೀಲ ನಾಲ್ಕು ಹೇರಿಕೊಂಡು ಬರುವಾಗ ಸಣ್ಣ ಕಾರಿನ ಹೊಟ್ಟೆ ಉಜ್ಜುವುದು ಎಲ್ಲರಿಗೂ ಗೊತ್ತು. ಅಂಥ ದಾರಿಯಲ್ಲಿ ದಿನಾಲು ತಿರುಗುವವನಿಗೆ ಎತ್ತರದ ಗಾಡಿ ಉಪಯೋಗಕ್ಕೆ ಬಂದೀತು. ಆದರೆ ಮಳೆಗಾಲದ ಎರೆ ಮಣ್ಣಿನಲ್ಲಿ ಅದು ಪಾರು ಮಾಡೀತೆಂಬ ಭ್ರಮೆ ಬೇಡ. ಈ ಗಾತ್ರದ ಗಾಡಿಗಳಲ್ಲಿ ಬಹುತೇಕ ಎಲ್ಲವಕ್ಕೂ ಎಂಜಿನಿನ ಬಲ ಹೋಗುವುದು ಮುಂದಿನ ಎರಡು ಗಾಲಿಗಳಿಗೆ ಮಾತ್ರ, ನಿಮ್ಮ ಹಳೆಯ ಕಾರಿನಂತೆಯೇ. ರೂಪ ಜೀಪಿನದು, ಕಾಲು ಕಾರಿನದು. ಕೆಸರಿನಲ್ಲಿ ಮುಂದಿನ ಗಾಲಿ ತಿರುಗತೊಡಗಿದರೆ ಎರಡನ್ನೂ ಎಳೆಯಲು ಟ್ರ್ಯಾಕ್ಟರೇ ಬರಬೇಕು.

ಹಾಗಾದರೆ ಹಳೆಯ ಕಾರನ್ನೇ ಇಟ್ಟುಕೊಳ್ಳಬೇಕೆಂದು ನನ್ನ ಮಾತೇ? ಅಲ್ಲ. ಬದಲಾಯಿಸಲು ಒಂದು ಗಟ್ಟಿ ಕಾರಣ ಉಂಟು. ಆದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚಾಲಕನ ಮುಂದೆ ಏರ್‌ಬ್ಯಾಗು ಇರಲೇಬೇಕೆಂಬ ಕಟ್ಟಳೆ ಬಂದದ್ದು 2019ರ ಜುಲೈಯಲ್ಲಿ. ಗಾಲಿ ಜಾರದಂತೆ ಹಿಡಿಯುವ ಎಬಿಎಸ್ ಬ್ರೇಕು ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು ಅದೇ ವರ್ಷದ ಏಪ್ರಿಲಿನಲ್ಲಿ. ಚಾಲಕನ ಪಕ್ಕದ ಸೀಟಿಗೂ ಏರ್‌ಬ್ಯಾಗು ಎಂಬುದು ಎಲ್ಲ ಹೊಸ ಕಾರಿಗೂ ಬಂದದ್ದು 2022ರ ಹೊತ್ತಿಗೆ. ಅಂದರೆ 2013-14ರ ಕಡಿಮೆ ಬೆಲೆಯ ಸಣ್ಣ ಕಾರಿನಲ್ಲಿ ಬಹಳ ಸಲ ಇವು ಒಂದೂ ಇಲ್ಲ. ಅಂಥ ಕಾರಿನಲ್ಲಿ ಮಕ್ಕಳು-ಮರಿ ಕೂಡಿಸಿಕೊಂಡು, ಕಬ್ಬು ಸಾಗಿಸುವ ದಿನಗಳಲ್ಲಿ ರಾತ್ರಿ ಹೊತ್ತು ವಿಜಯಪುರದ ಬೀಗರ ಮನೆಗೆ ಹೊರಡುತ್ತೇವೆ. ನಾಲ್ಕು ಪದರಿನ ಹೆದ್ದಾರಿ. ಮುಂದೆ ಹಿಂಬದಿಯ ದೀಪವಿಲ್ಲದ ಎರಡು ಟ್ರೇಲರಿನ ಟ್ರ್ಯಾಕ್ಟರು. ಆ ದೀಪವಿಲ್ಲದ ಟ್ರೇಲರು ನಮ್ಮವರದೇ ಎಂಬುದು ಬೇರೆ ಮಾತು, ಅದನ್ನು ಇನ್ನೊಂದು ವಾರ ಮಾತಾಡೋಣ.

ಇದು ಕಾರಣವಾದರೆ ನೋಡಬೇಕಾದುದು ಬ್ರೇಕನ್ನು, ಏರ್‌ಬ್ಯಾಗನ್ನು, ಅಪಘಾತ ಪರೀಕ್ಷೆಯ ನಕ್ಷತ್ರಗಳನ್ನು. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನೆಕ್ಸಾನಿಗೆ ಐದು ನಕ್ಷತ್ರ ದೊರೆತವು. 2023ರ ಅಕ್ಟೋಬರದಿಂದ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆ ನಡೆದಿದೆ; ಯಾವ ಗಾಡಿಗೆ ಎಷ್ಟು ಎಂಬುದು ಮೊಬೈಲಿನಲ್ಲಿಯೇ ಸಿಗುತ್ತದೆ. ಎತ್ತರವಿದ್ದ ಮಾತ್ರಕ್ಕೆ ನಕ್ಷತ್ರ ಬರುವುದಿಲ್ಲ. ಅತ್ತ ಮಾರುತಿ ಕಂಪನಿ 2025ರಲ್ಲಿ ಆಲ್ಟೋ ಕೆ10, ವ್ಯಾಗನ್‌ಆರ್‌ದಂಥ ಸಣ್ಣ ಗಾಡಿಗಳಿಗೂ ಆರು ಏರ್‌ಬ್ಯಾಗು ಕೊಡತೊಡಗಿತು. ಏರ್‌ಬ್ಯಾಗಿಗಾಗಿಯೇ ಎತ್ತರದ ಗಾಡಿ ಬೇಕೆಂಬ ವಾದ ಅಲ್ಲಿಗೆ ಸಡಿಲಾಯಿತು. ಹಳೆಯ ಸಣ್ಣ ಕಾರಿನಿಂದ ಹೊಸ ಸಣ್ಣ ಕಾರಿಗೆ ಹೋಗುವ ಒಂದು ನಡುವಿನ ದಾರಿ ಇದೆ; ನಮ್ಮ ತರುಣರಿಗೆ ಮಾತ್ರ ಆ ದಾರಿ ಕಾಣಿಸುತ್ತಲೇ ಇಲ್ಲ. ಕಾಣಿಸದಿರುವುದಕ್ಕೆ ಕಾರಣವೂ ಗೊತ್ತಿದೆ. ಹೆಣ್ಣು ಕೊಡುವವರು ಈಗ ಗೋದಲಿ ನೋಡುವುದಿಲ್ಲ, ಅಂಗಳ ನೋಡುತ್ತಾರೆ.

ಇನ್ನು ಸಾಲದ ಮಾತಿಗೆ ಬರೋಣ. ಎಲ್ಲಕ್ಕಿಂತ ಮುಖ್ಯವಾದುದು ಇದೇ. ಹಳೆಯ ಕಾರಿನ ರೊಕ್ಕ, ಕೈಯಲ್ಲಿದ್ದ ರೊಕ್ಕ ಎಲ್ಲ ಹಾಕಿದ ಮೇಲೂ ಎಂಟು ಲಕ್ಷ ಸಾಲ ಬೇಕಾಯಿತೆನ್ನಿ. ನೂರಕ್ಕೆ ಒಂಬತ್ತೂವರೆ ಬಡ್ಡಿ, ಏಳು ವರ್ಷದ ಅವಧಿ. ತಿಂಗಳ ಹಪ್ತೆ 13,075 ರೂಪಾಯಿ. ಏಳು ವರ್ಷಕ್ಕೆ ಕಟ್ಟುವುದು ಹೆಚ್ಚುಕಡಿಮೆ ಹನ್ನೊಂದು ಲಕ್ಷ. ಅದೇ ಸಾಲವನ್ನು ಐದು ವರ್ಷಕ್ಕೆ ಮಾಡಿದರೆ ಹಪ್ತೆ 16,800. ಬಡ್ಡಿಯಲ್ಲಿ ತೊಂಬತ್ತು ಸಾವಿರ ಉಳಿಯುತ್ತದೆ. ಶೋರೂಮಿನ ಹುಡುಗ ಮೊದಲಿನ ಲೆಕ್ಕವನ್ನಷ್ಟೇ ಹೇಳುತ್ತಾನೆ, ಏಕೆಂದರೆ ಹಪ್ತೆ ಸಣ್ಣದಾಗಿ ಕಾಣುತ್ತದೆ.

ಹದಿಮೂರು ಸಾವಿರವೆಂದರೆ ಪಗಾರದವನಿಗೆ ಒಂದು ಅರ್ಥ, ಒಕ್ಕಲಿಗನಿಗೆ ಇನ್ನೊಂದು ಅರ್ಥ. ವರ್ಷಕ್ಕೆ ಅದು 1,56,900 ಆಯಿತು. ಕಡಿತ-ಸಾಗಣೆ ಕಳೆದು ಕಬ್ಬಿಗೆ ಟನ್ನಿಗೆ 2,800 ಕೈಗೆ ಬಂತೆಂದು ಹಿಡಿದರೆ ಐವತ್ತಾರು ಟನ್ನು ಕಬ್ಬು ಹಪ್ತೆಗೇ ಹೋಯಿತು. ತೊಗರಿಯವನು 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ಸಿಕ್ಕಿತೆಂದೇ ಲೆಕ್ಕ ಹಾಕಲಿ. ಇಪ್ಪತ್ತು ಕ್ವಿಂಟಲು ಬೇಕು. ಎಕರೆಗೆ ನಾಲ್ಕು ಕ್ವಿಂಟಲಿನಂತೆ ಐದು ಎಕರೆ ಹೊಲ ಏಳು ವರ್ಷ ಗಾಡಿಗಾಗಿ ದುಡಿಯಬೇಕಾಯಿತು. ಅದೂ ಬೀಜ-ಗೊಬ್ಬರ-ಆಳಿನ ಖರ್ಚು ಹಿಡಿಯದೆ. ಇದರ ಮೇಲೆ ಎಣ್ಣೆಯ ಖರ್ಚು. ಕಂಪನಿಯ ಮಾತಿನಂತೆ ವ್ಯಾಗನ್‌ಆರ್ ಲೀಟರಿಗೆ 24 ಕಿಲೋಮೀಟರು, ಪೆಟ್ರೋಲಿನ ನೆಕ್ಸಾನ್ 17ರ ಆಸುಪಾಸು. ವರ್ಷಕ್ಕೆ 12,000 ಕಿಲೋಮೀಟರು ಓಡಿಸುವವನಿಗೆ 200 ಲೀಟರು ಹೆಚ್ಚು; ಲೀಟರಿಗೆ ಬರೇ ನೂರು ರೂಪಾಯಿ ಎಂದರೂ ಇಪ್ಪತ್ತು ಸಾವಿರ.

ಮೊತ್ತಕ್ಕಿಂತ ದೊಡ್ಡ ತೊಡಕು ತಿಂಗಳಿನದು. ಬ್ಯಾಂಕಿನ ಹಪ್ತೆ ತಿಂಗಳ ಐದನೆಯ ತಾರೀಖಿಗೆ ತಪ್ಪದೆ ಬರುತ್ತದೆ. ನಮಗೆ ತೊಗರಿಯ ರೊಕ್ಕ ಬರುವುದು ಮಾಘದ ಸುಮಾರಿಗೆ, ಒಂದೇ ಸಲ. ಕಬ್ಬಿನ ಬಿಲ್ಲು ಹದಿನಾಲ್ಕು ದಿನದೊಳಗೆ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಕಾರಖಾನೆ ಯಾವಾಗ ಕೊಡುತ್ತದೆ ಎಂಬುದನ್ನು ಕಬ್ಬು ಬೆಳೆದವನೇ ಹೇಳಬೇಕು. ಜತ್ತದ ದ್ರಾಕ್ಷಿ-ದಾಳಿಂಬೆಯವನಿಗೆ ಒಂದು ಅಕಾಲಿಕ ಮಳೆ ಸಾಕು. ಜೂನಿನಿಂದ ಅಕ್ಟೋಬರದವರೆಗೆ ಮನೆಯಿಂದ ರೊಕ್ಕ ಹೊರಗೆ ಹೋಗುವ ಕಾಲ, ಒಳಗೆ ಬರುವ ಕಾಲವಲ್ಲ. ಆ ಐದು ಹಪ್ತೆಗಳನ್ನು ಎಲ್ಲಿಂದ ಕಟ್ಟುತ್ತೀರಿ? ಬಹಳ ಜನ ಕಟ್ಟುವುದು ಬೆಳೆಸಾಲದಿಂದ. ಬೆಳೆಸಾಲ 3 ಲಕ್ಷದವರೆಗೆ ನೂರಕ್ಕೆ 7ರಂತೆ ಸಿಗುತ್ತದೆ, ಅವಧಿಯೊಳಗೆ ತೀರಿಸಿದರೆ ಕೇಂದ್ರದ ರಿಯಾಯಿತಿಯಿಂದ 4ಕ್ಕೆ ಇಳಿಯುತ್ತದೆ. ಮಹಾರಾಷ್ಟ್ರದ ಪಂಜಾಬರಾವ ದೇಶಮುಖ ಬಡ್ಡಿ ರಿಯಾಯಿತಿಯೂ ಸೇರಿದರೆ ಬಡ್ಡಿಯೇ ಇಲ್ಲ. ಇಷ್ಟು ಅಗ್ಗದ ರೊಕ್ಕವನ್ನು ಗಾಡಿಯ ಹಪ್ತೆಗೆ ಸುರಿದು, ಗೊಬ್ಬರಕ್ಕೆ ಅಂಗಡಿಯವನ ಉದ್ದರಿ ಹಿಡಿದು, ಕಡೆಗೆ ಅವಧಿ ಮೀರಿ ರಿಯಾಯಿತಿಯನ್ನೂ ಕಳೆದುಕೊಳ್ಳುವುದು ಯಾವ ಜಾಣತನ? ಸಾತಬಾರಾ ಉತಾರದ ಮೇಲೆ ಬೋಜಾ ಏರುವುದು ಹೀಗೆಯೇ. ಕಾರು ಅಂಗಳದಲ್ಲಿ ಹೊಳೆಯುತ್ತಿರುತ್ತದೆ, ಉತಾರ ಮಾತ್ರ ಕಪ್ಪಾಗುತ್ತದೆ.

ನನ್ನ ಅಭಿಪ್ರಾಯ ಇಷ್ಟು. ಗಾಡಿಯ ಬೆಲೆಯ ಅರ್ಧ ಸುಗ್ಗಿಯ ರೊಕ್ಕದಲ್ಲಿ ಕೊಡಬಲ್ಲವನು, ಇನ್ನೊಂದು ವರ್ಷದ ಹಪ್ತೆಯನ್ನು ಠೇವಣಿಯಾಗಿ ಬೇರೆ ಇಡಬಲ್ಲವನು ಎತ್ತರದ ಗಾಡಿಯನ್ನು ಧಾರಾಳವಾಗಿ ತರಲಿ. ಆಗದವನು ಹೊಸ ಸಣ್ಣ ಕಾರನ್ನೋ, 2022ರ ನಂತರದ ಸೆಕೆಂಡ್‌ಹ್ಯಾಂಡನ್ನೋ ನೋಡಲಿ. ಸಾಲ ಮಾಡುವಾಗ ಹಪ್ತೆಯನ್ನು ಆರು ತಿಂಗಳಿಗೊಮ್ಮೆ ಇಡಿರೆಂದು ಕೇಳಬೇಕು. ಟ್ರ್ಯಾಕ್ಟರಿಗೆ ಹಾಗೆ ಕೊಡುವುದು ಹಳೆಯ ಪದ್ಧತಿ. ಒಕ್ಕಲಿಗರಿಗೆ ಕಾರಿಗೂ ಹಾಗೆ ಕೊಡುವ ಸಾಲ ಸಂಸ್ಥೆಗಳು ಉಂಟು. ತಾವಾಗಿ ಹೇಳುವುದಿಲ್ಲ, ಕೇಳಿದರೆ ಹೇಳುತ್ತಾರೆ.

ಡೀಸೆಲೋ ಪೆಟ್ರೋಲೋ ಎಂಬ ವಾದ ಕಟ್ಟೆಯ ಮೇಲೆ ಮುಗಿಯುವುದಿಲ್ಲ. ಒಂದನ್ನು ಹೇಳಿಬಿಡುತ್ತೇನೆ: 2020ರ ಏಪ್ರಿಲಿನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಜಾಳಿಗೆ ಇದೆ. ಆಗಾಗ ಹೆದ್ದಾರಿಯಲ್ಲಿ ಎಡೆಬಿಡದೆ ಓಡಿದರೆ ಮಸಿ ಸುಟ್ಟುಹೋಗುತ್ತದೆ. ದಿನಾಲು ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ ಎರಡು ಕಿಲೋಮೀಟರು ಓಡಿಸಿದರೆ ಅದು ಕಟ್ಟಿಕೊಳ್ಳುತ್ತದೆ, ದುರಸ್ತಿಯ ಖರ್ಚು ದೊಡ್ಡದು. ಪೆಟ್ರೋಲಿನಲ್ಲಿ ಈಗ ನೂರಕ್ಕೆ 20 ಪಾಲು ಇಥೆನಾಲು. ನಮ್ಮ ಕಬ್ಬಿಗೂ ಅದರಲ್ಲಿ ಪಾಲಿದೆ. 2023ರ ಏಪ್ರಿಲಿನ ನಂತರದ ಗಾಡಿಗಳು ಅದಕ್ಕೆ ತಾಳುವಂತೆ ಮಾಡಿದವು. ಹಳೆಯ ಕಾರು ಇಟ್ಟುಕೊಳ್ಳುವವರು ಎಣ್ಣೆಯ ರಬ್ಬರು ಕೊಳವೆಗಳನ್ನು ವರ್ಷಕ್ಕೊಮ್ಮೆ ಫಿಟ್ಟರನಿಂದ ನೋಡಿಸಬೇಕು.

ಗಡಿಯ ಮೇಲಿರುವ ನಮಗೆ ಮಾತ್ರ ಇರುವ ಒಂದು ತೊಡಕಿದೆ. ನಮ್ಮ ಸಣ್ಣ ಕಾರುಗಳಲ್ಲಿ ಎಷ್ಟೋ ಕೆಎ 28, ಕೆಎ 32 ನಂಬರಿನವು. ಇಂಡಿಯ ಸೋದರಮಾವನೋ ಅಫಜಲಪುರದ ಅಳಿಯನೋ ಕೊಟ್ಟದ್ದು. ನಮ್ಮವರೇ ಅಲ್ಲವೇ ಎಂದು ಹೆಸರು ಬದಲಿಸದೆ ವರ್ಷಗಟ್ಟಲೆ ಓಡಿಸಿದ್ದೇವೆ. 1988ರ ಮೋಟಾರು ವಾಹನ ಕಾಯದೆಯ 47ನೆಯ ಕಲಮಿನಂತೆ ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳು ಮೀರಿ ಇಲ್ಲಿದ್ದರೆ ಇಲ್ಲಿನ ನಂಬರು ಪಡೆಯಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಅಷ್ಟೇ ಅಲ್ಲ. ಗಾಡಿಯ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಮಾಲಿಕನೆಂದು, ಅಪಘಾತದ ಪರಿಹಾರಕ್ಕೆ ಅವನೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದೆ; ಗಾಡಿ ಎಷ್ಟು ಕೈ ದಾಟಿದ್ದರೂ ಸರಿ. ಈಗ ಯೋಚಿಸಿರಿ. ಆ ಕಾರನ್ನು ನೀವು ಬರೇ ಸಹಿ ಮಾಡಿದ ಕಾಗದ ಕೊಟ್ಟು ದಲಾಲನಿಗೆ ಬಿಟ್ಟು ಹೊಸ ಗಾಡಿ ತಂದಿರಿ. ದಲಾಲನಿಂದ ಕೊಂಡವನು ಲಾತೂರಿನಲ್ಲೋ ಬೀಡಿನಲ್ಲೋ ಯಾರನ್ನೋ ಕೆಡವಿದ, ವಿಮೆಯೂ ಇರಲಿಲ್ಲ. ನೋಟೀಸು ಬರುವುದು ಇಂಡಿಯ ಸೋದರಮಾವನ ಮನೆಗೆ. ಬೀಗತನ ಉಳಿದೀತೇ?

ಆದುದರಿಂದ ಹಳೆಯ ಗಾಡಿ ಕೊಡುವ ಮೊದಲು ಮಾವನವರನ್ನು ಕರೆದುಕೊಂಡು ಅಲ್ಲಿನ ಆರ್‌ಟಿಓ ಕಚೇರಿಗೆ ಹೋಗಿ ಇಪ್ಪತ್ತೆಂಟನೆಯ ನಮೂನೆಯ ಎನ್‌ಓಸಿ ತನ್ನಿ. ಬ್ಯಾಂಕಿನ ಸಾಲ ಪುಸ್ತಕದಲ್ಲಿ ಉಳಿದಿದ್ದರೆ ಮೊದಲು ಅದನ್ನು ತೆಗೆಸಿರಿ. ಅಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಭಾಗ ಮರಳಿ ಕೇಳಲು ಬೇರೆ ಅರ್ಜಿ ಇದೆ. ಎರಡು-ಮೂರು ಖೇಪು ತಿರುಗಾಟವಾದೀತು, ಅದಕ್ಕೆ ಬೇಸರಿಸಬಾರದು. ಹೊಸ ಗಾಡಿಯನ್ನು ಕನ್ನಡ ಮಾತಾಡುವವರ ಕಡೆ ಕೊಳ್ಳೋಣವೆಂದು ವಿಜಯಪುರಕ್ಕೋ ಕಲಬುರಗಿಗೋ ಹೋಗುವುದರಲ್ಲಿ ತಪ್ಪೇನಿಲ್ಲ. ಆದರೆ ತಾತ್ಪೂರ್ತಿಕ ನಂಬರಿನ ಮೇಲೆ ತಂದು ನೋಂದಣಿಯನ್ನು ನಿಮ್ಮ ವಾಸದ ಊರಿನ ಕಚೇರಿಯಲ್ಲಿಯೇ ಮಾಡಿಸಿರಿ. ಹತ್ತು ಲಕ್ಷದೊಳಗಿನ ಪೆಟ್ರೋಲು ಕಾರಿಗೆ ಮಹಾರಾಷ್ಟ್ರದಲ್ಲಿ ತೆರಿಗೆ ನೂರಕ್ಕೆ 11, ಡೀಸೆಲಿಗೆ 13. ಕರ್ನಾಟಕದಲ್ಲಿ ಇದಕ್ಕಿಂತ ಹೆಚ್ಚು.

ಹಳೆಯ ಕಾರು ಹೊರಟ ದಿನವೇ ಅದರ ಗಾಜಿನ ಮೇಲಿನ ಫಾಸ್ಟ್ಯಾಗನ್ನು ಬ್ಯಾಂಕಿಗೆ ತಿಳಿಸಿ ಬಂದು ಮಾಡಿಸಿರಿ. ಇಲ್ಲವಾದರೆ ಇನ್ನೊಬ್ಬನು ಟೋಲು ದಾಟಿದಾಗಲೆಲ್ಲ ನಿಮ್ಮ ಖಾತೆಯ ರೊಕ್ಕ ಹೋಗುತ್ತಿರುತ್ತದೆ.